ಹಾಡಿನಲ್ಲಿ ಆಳದ ಬೇಸ್ ನಿಜಕ್ಕೂ ಎಷ್ಟಿದೆ? ಮನೆಯಲ್ಲೇ ಅಳೆದು ನೋಡುವ ಬಗೆ

ಬೆಂಗಳೂರಿನ ಎಸ್‌.ಪಿ. ರಸ್ತೆಯ ಅಂಗಡಿಯಿಂದ ಸಬ್‌ವೂಫರ್ (ಬೇಸಿಗೆಂದೇ ಇರುವ ಸ್ಪೀಕರ್) ಹೊತ್ತು ತಂದು, ತಂತಿ ಜೋಡಿಸಿ, ಮೆಚ್ಚಿನ ಹಾಡು ಹಾಕುತ್ತೀರಿ. ಒಂದೋ ಪೆಟ್ಟಿಗೆ ಬಾಯಿಮುಚ್ಚಿ ಕೂತಿರುತ್ತದೆ, ಇಲ್ಲವೇ ಎಲ್ಲ ಹಾಡಿಗೂ ಒಂದೇ ಸ್ವರದಲ್ಲಿ ಗುಂಯ್‌ಗುಡುತ್ತದೆ. ಅಂಗಡಿಯವರ ಮೇಲೆ ಸಿಟ್ಟು ಬರುವುದು ಸಹಜ. ಆದರೆ ಮೊದಲ ತೊಂದರೆಗೆ ಬಹುಪಾಲು ಕಾರಣ ಹಾಡಿನ ಧ್ವನಿಮುದ್ರಣ, ಎರಡನೆಯದಕ್ಕೆ ನಿಮ್ಮ ಕೋಣೆ. ಫೈಲ್, ಕಿವಿ, ಸ್ಪೀಕರ್, ಕೋಣೆ ಈ ನಾಲ್ಕನ್ನೂ ಬಿಡಿಸಿ ನೋಡದೆ ‘ಈ ಹಾಡಿನಲ್ಲಿ ಭಾರಿ ಬೇಸ್ ಇದೆ’ ಅಂತಲೋ ‘ಇಲ್ಲ’ ಅಂತಲೋ ಹೇಳಲು ಬರುವುದಿಲ್ಲ. ಇದಕ್ಕೆ ಬೇಕಾದದ್ದು ಒಂದು ಕಂಪ್ಯೂಟರ್, ಉಚಿತವಾಗಿ ಸಿಗುವ ಆಡಾಸಿಟಿ ತಂತ್ರಾಂಶ, ಕಿವಿಯಲ್ಲಿ ಬಿಗಿಯಾಗಿ ಕೂರುವ ಇಯರ್‌ಫೋನ್ ಮತ್ತು ಎರಡು ಗಂಟೆ ಬಿಡುವು.

ಆಳ ಅಂದರೆ ಎಲ್ಲಿಂದ ಎಲ್ಲಿಗೆ

ಮಾತಿನಲ್ಲಿ ಎಲ್ಲವೂ ‘ಬೇಸ್’. ಅಳತೆಗೆ ಇಳಿದಾಗ ಮೂರು ಪಟ್ಟಿಗಳಾಗಿ ಒಡೆದುಕೊಳ್ಳುವುದು ಅನುಕೂಲ: 20ರಿಂದ 40 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ), 40ರಿಂದ 80, 80ರಿಂದ 160. ಒಂದೊಂದೂ ಸರಿಯಾಗಿ ಒಂದು ಸ್ಥಾಯಿಯಷ್ಟು, ಅಂದರೆ ಕಂಪನ ಇಮ್ಮಡಿಯಾಗುವಷ್ಟು ಅಗಲ. ಎದೆಗೆ ಗುದ್ದಿದ ಹಾಗೆ ಆಗುವ ಸದ್ದು ಬಹುಮಟ್ಟಿಗೆ 60ರಿಂದ 120ರ ಒಳಗಿನದು. ಗಣೇಶನ ಹಬ್ಬದ ಆರ್ಕೆಸ್ಟ್ರಾದ ಸ್ಪೀಕರ್ ರಾಶಿ ಅಂಗಿಯ ಗುಂಡಿ ಅಲುಗಿಸುವುದೂ ಹೆಚ್ಚಾಗಿ ಇದೇ ಪಟ್ಟಿಯಿಂದ. 40ರ ಕೆಳಗಿನ ಆಳ ಗುದ್ದುವುದಿಲ್ಲ, ಒತ್ತುತ್ತದೆ. ಹಳೆಯ ಆರು ಸಿಲಿಂಡರ್ ಡೀಸೆಲ್ ಬಸ್ಸು ನಿಲ್ದಾಣದಲ್ಲಿ ಗುರುಗುಡುತ್ತಾ ನಿಂತದ್ದನ್ನು ನೆನಪಿಸಿಕೊಳ್ಳಿ. ಎಂಜಿನ್ ನಿಮಿಷಕ್ಕೆ 600 ಸುತ್ತು ತಿರುಗುತ್ತಿದ್ದರೆ, ಸುತ್ತಿಗೆ ಮೂರು ಸಿಲಿಂಡರಿನಂತೆ ಸೆಕೆಂಡಿಗೆ 30 ಸಲ ಇಂಧನ ಉರಿಯುತ್ತದೆ. ಬಸ್ಸಿನ ಕಿಟಕಿಗಳನ್ನು ಗಡಗಡ ನಡುಗಿಸುವ ಆ ಮೂಲ ಕಂಪನವೇ 30 ಹರ್ಟ್ಸ್.

ವಾದ್ಯಗಳ ತಳ ಎಲ್ಲಿದೆ ಅನ್ನುವುದು ಬಾಯಿಪಾಠವಿದ್ದರೆ ಅರ್ಧ ಕೆಲಸ ಮುಗಿದಂತೆ. ನಾಲ್ಕು ತಂತಿಯ ಬೇಸ್ ಗಿಟಾರಿನ ಅತಿ ಕೆಳಗಿನ ಸ್ವರ 41.2 ಹರ್ಟ್ಸ್, ಐದು ತಂತಿಯದರದು 30.9. ಪಿಯಾನೋದ ಮೊದಲ ಮನೆ 27.5. ಚರ್ಚುಗಳ ದೊಡ್ಡ ಪೈಪ್ ಆರ್ಗನ್‌ಗಳಲ್ಲಿ 32 ಅಡಿಯ ಕೊಳವೆ 16.35ಕ್ಕೆ ಇಳಿಯುತ್ತದೆ. ಡ್ರಮ್ ಸೆಟ್ಟಿನ ಕಾಲಿನ ಡ್ರಮ್ ಸಾಮಾನ್ಯವಾಗಿ 50ರಿಂದ 80ರೊಳಗೆ. 1980ರಲ್ಲಿ ಬಂದ ರೋಲ್ಯಾಂಡ್ ಟಿಆರ್-808 ಯಂತ್ರದ ಎಳೆದು ಬಿಡುವ ‘ಢೂಂ’ 50ರ ಆಸುಪಾಸಿನದು. ಇಂದಿನ ಹಿಪ್‌ಹಾಪ್ ಮತ್ತು ಡಾನ್ಸ್ ಸಂಗೀತದಲ್ಲಿ ಅದನ್ನೇ ಇನ್ನೂ ಕೆಳಕ್ಕಿಳಿಸಿ 30–40ರಲ್ಲಿ ನುಡಿಸುತ್ತಾರೆ.

ನಮ್ಮ ಕಡೆಯ ಲೆಕ್ಕ ಬೇರೆ. ಒಂದು ಮನೆ ಶ್ರುತಿಯಲ್ಲಿ (ಪಾಶ್ಚಾತ್ಯರ ‘ಸಿ’) ಹಾಡುವವರ ಮಧ್ಯ ಷಡ್ಜ 131 ಹರ್ಟ್ಸ್ ಹತ್ತಿರ. ತಂಬೂರಿಯ ಮಂದ್ರ ತಂತಿ ಅದರ ಅರ್ಧ, 65. ಐದು ಮನೆ ಶ್ರುತಿಯ ಹೆಣ್ಣು ದನಿಯಾದರೆ ಆ ತಂತಿಯೂ 98ಕ್ಕೆ ಏರಿತು. ಮೃದಂಗದ ಎಡಗಡೆಗೆ ರವೆ ಹಚ್ಚಿ ಇಳಿಸುವುದು ಬಲಗಡೆಗಿಂತ ಸುಮಾರು ಒಂದು ಸ್ಥಾಯಿ ಕೆಳಕ್ಕೆ; ಅಲ್ಲಿಗೆ ಅದೂ 65ರ ಮೇಲೇ ನಿಂತಿತು. ಹಾಗಾಗಿ ಗಾಯನ ಸಮಾಜದಲ್ಲೋ ಚೌಡಯ್ಯ ಸ್ಮಾರಕ ಭವನದಲ್ಲೋ ಮುದ್ರಿಸಿದ ಕಚೇರಿಯಲ್ಲಿ 50ರ ಕೆಳಗೆ ಏನಾದರೂ ಕಂಡರೆ ಅದು ಸಂಗೀತವಾಗಿರುವ ಸಾಧ್ಯತೆ ಕಡಿಮೆ. ವೇದಿಕೆಯ ಹಲಗೆಯ ಸದ್ದು, ಏಸಿಯ ಗಾಳಿ, ಹೊರಗಿನ ವಾಹನ, ಮೈಕಿಗೆ ಬಡಿದ ಉಸಿರು ಇವುಗಳಲ್ಲೊಂದು.

ಕಿವಿಯ ಸಾಕ್ಷಿಯನ್ನು ಮೊದಲಿಗೇ ಯಾಕೆ ಒಪ್ಪಬಾರದು

ಕಿವಿಗೆ ಕೆಳಗಿನ ಸ್ವರಗಳು ಮಂದ. ಸಮ ಗಟ್ಟಿತನದ ರೇಖೆಗಳ ಮಾನಕ, ಐಎಸ್‌ಒ 226, ಹೇಳುವ ಪ್ರಕಾರ 1,000 ಹರ್ಟ್ಸ್‌ನ ಸ್ವರವೊಂದು 40 ಡೆಸಿಬೆಲ್‌ನಲ್ಲಿ ಎಷ್ಟು ಗಟ್ಟಿಯಾಗಿ ಕೇಳುತ್ತದೋ 50 ಹರ್ಟ್ಸ್‌ನ ಸ್ವರ ಅಷ್ಟೇ ಗಟ್ಟಿ ಅನ್ನಿಸಲು ಸುಮಾರು 78 ಡೆಸಿಬೆಲ್ ಬೇಕು, 31.5 ಹರ್ಟ್ಸ್‌ಗೆ 88. ದನಿ ಏರಿಸಿದಾಗ ಈ ಅಂತರ ಕುಗ್ಗುತ್ತದೆ: 1,000 ಹರ್ಟ್ಸ್‌ನಲ್ಲಿ 80 ಡೆಸಿಬೆಲ್ ಇದ್ದಾಗ 50 ಹರ್ಟ್ಸ್‌ಗೆ ಸುಮಾರು 102 ಸಾಕು. 38 ಇದ್ದ ಅಂತರ 22ಕ್ಕೆ ಇಳಿಯಿತು. ವಾಲ್ಯೂಮ್ ಜಾಸ್ತಿ ಮಾಡಿದಾಗ ಬೇಸ್ ‘ಹುಟ್ಟಿಕೊಳ್ಳುವುದು’ ಇದರಿಂದ. ಎರಡು ಹಾಡುಗಳ ಬೇಸನ್ನು ಬೇರೆ ಬೇರೆ ವಾಲ್ಯೂಮಿನಲ್ಲಿ ಹೋಲಿಸಿದರೆ ಆ ಹೋಲಿಕೆಗೆ ಬೆಲೆಯಿಲ್ಲ.

ಎರಡನೆಯ ಮೋಸ ಇನ್ನೂ ಚೆಂದದ್ದು. ಒಂದು ಸ್ವರದ ಮೂಲ ಕಂಪನವನ್ನು ಕಿತ್ತು ಹಾಕಿ, ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನಗಳನ್ನು ಮಾತ್ರ ಉಳಿಸಿದರೂ ಮಿದುಳು ಮೂಲ ಸ್ವರವನ್ನೇ ಕೇಳುತ್ತದೆ. ನಂಬಿಕೆ ಬಾರದಿದ್ದರೆ ಆಡಾಸಿಟಿಯ ಜನರೇಟ್ ಮೆನುವಿನಲ್ಲಿ ‘ಟೋನ್’ ಆರಿಸಿ, 300, 400, 500 ಹರ್ಟ್ಸ್‌ನ ಮೂರು ಸೈನ್ ಟ್ರ್ಯಾಕುಗಳನ್ನು ಮಾಡಿ. ಒಂದೊಂದರ ಆಂಪ್ಲಿಟ್ಯೂಡ್ 0.2 ಇರಲಿ, ಹೆಚ್ಚಿಟ್ಟರೆ ಮೂರೂ ಸೇರಿದಾಗ ಅಲೆಯ ತಲೆ ಕತ್ತರಿಸಿ ಸದ್ದು ಒಡೆಯುತ್ತದೆ. ಇದನ್ನು ಫೈಲ್ ಮಾಡಿ ಫೋನಿನ ಪುಟ್ಟ ಸ್ಪೀಕರಿನಲ್ಲಿ ಹಾಕಿದರೆ 100 ಹರ್ಟ್ಸ್‌ನ ದಪ್ಪ ಸ್ವರ ಕೇಳುತ್ತದೆ, ಫೈಲಿನಲ್ಲಿ ಆ 100 ಇಲ್ಲವೇ ಇಲ್ಲ. ಫೋನಿನಲ್ಲಿ ಬೇಸ್ ಗಿಟಾರಿನ ನಡೆ ಗುರುತು ಸಿಗುವುದೂ ಹೀಗೆಯೇ. ಹಾಡನ್ನು ಮಿಕ್ಸ್ ಮಾಡುವವರಿಗೆ ಇದು ಗೊತ್ತು. ಬೇಸಿಗೆ ಬೇಕೆಂದೇ ಸ್ವಲ್ಪ ಒರಟು ಸೇರಿಸಿ ಮೇಲಿನ ಕಂಪನಗಳನ್ನು ಹುಟ್ಟಿಸುತ್ತಾರೆ. ‘ಬೇಸ್ ಚೆನ್ನಾಗಿ ಕೇಳಿಸಿತು’ ಅನ್ನುವುದು ಆಳ ಇದೆ ಅನ್ನುವುದಕ್ಕೆ ಪುರಾವೆ ಆಗುವುದಿಲ್ಲ.

ಅಳೆಯಲು ಫೈಲ್

ಸ್ವಂತ ಸಿಡಿಯಿಂದ ತೆಗೆದದ್ದು ಅಥವಾ ಕೊಂಡ ಫ್ಲ್ಯಾಕ್ (ಗುಣಮಟ್ಟ ಕಳೆಯದೆ ಕುಗ್ಗಿಸಿದ) ಫೈಲ್ ಇದ್ದರೆ ಒಳ್ಳೆಯದು. ಎಂಪಿ3 ಆದರೂ ನಡೆಯುತ್ತದೆ. ಕಡಿಮೆ ಬಿಟ್‌ರೇಟಿನ ಎಂಪಿ3 ಕತ್ತರಿಸುವುದು 16,000 ಹರ್ಟ್ಸ್ ಮೇಲಿನದನ್ನು. ಬೇಸಿನ ತಂಟೆಗೆ ಅದು ಹೆಚ್ಚು ಹೋಗುವುದಿಲ್ಲ. ಬ್ಲೂಟೂತ್ ಕೂಡ ಅಷ್ಟೇ. 96 ಕಿಲೋಹರ್ಟ್ಸ್‌ನ ‘ಹೈ ರೆಸ್’ ಫೈಲಿನಲ್ಲಿ ಆಳ ಜಾಸ್ತಿ ಇರುತ್ತದೆ ಅನ್ನುವ ಮಾತಿಗೆ ಆಧಾರವಿಲ್ಲ. ಸ್ಯಾಂಪಲ್ ದರ (ಸೆಕೆಂಡಿಗೆ ಎಷ್ಟು ಸಲ ಅಲೆಯನ್ನು ಅಳೆದಿಟ್ಟಿದೆ ಅನ್ನುವುದು) ಏರಿದರೆ ಮೇಲಿನ ಗಡಿ ಏರುತ್ತದೆ, ಕೆಳಗಿನದಲ್ಲ.

ಸ್ಟ್ರೀಮಿಂಗ್‌ನಲ್ಲಿ ಬರುವ ಹಾಡನ್ನು ಪರೀಕ್ಷೆಗೆ ಹಿಡಿಯಬೇಕಾದರೆ ವಿಂಡೋಸ್‌ನಲ್ಲಿ ಆಡಾಸಿಟಿಯ ಆಡಿಯೊ ಹೋಸ್ಟನ್ನು ‘ವಿಂಡೋಸ್ ವಾಸಾಪಿ’ಗೆ ಬದಲಿಸಿ, ರೆಕಾರ್ಡಿಂಗ್ ಸಾಧನವಾಗಿ ‘ಲೂಪ್‌ಬ್ಯಾಕ್’ ಎಂದಿರುವುದನ್ನು ಆರಿಸಿ. ಇಲ್ಲಿ ಸಾಮಾನ್ಯವಾಗಿ ಆಗುವ ಎಡವಟ್ಟು: ಲ್ಯಾಪ್‌ಟಾಪಿನ ‘ಆಡಿಯೊ ಎನ್‌ಹಾನ್ಸ್‌ಮೆಂಟ್’, ಬೇಸ್ ಬೂಸ್ಟ್, ಆ್ಯಪಿನ ಈಕ್ವಲೈಜರ್ ಚಾಲೂ ಇರುವುದು. ಎಲ್ಲವನ್ನೂ ಬಂದ್ ಮಾಡಿ. ಆ್ಯಪ್ ದನಿ ಸಮ ಮಾಡುವ ‘ನಾರ್ಮಲೈಸೇಶನ್’ ಇದ್ದರೂ ಚಿಂತೆಯಿಲ್ಲ, ಅದು ಇಡೀ ಹಾಡನ್ನು ಏರಿಳಿಸುತ್ತದೆ, ಪಟ್ಟಿಗಳ ನಡುವಿನ ಅನುಪಾತ ಕೆಡುವುದಿಲ್ಲ. ಯಾರೋ ಏರಿಸಿದ ‘ಬೇಸ್ ಬೂಸ್ಟೆಡ್’ ವಿಡಿಯೊದಿಂದ ಮಾತ್ರ ಹಿಡಿಯಬೇಡಿ.

ಸಿನಿಮಾ ವಿಷಯದಲ್ಲಿ ಒಂದು ಎಚ್ಚರ. ಥಿಯೇಟರಿನ 5.1 ಮಿಕ್ಸಿನಲ್ಲಿ ಆ ‘.1’ ಅನ್ನುವುದು 120 ಹರ್ಟ್ಸ್‌ವರೆಗಿನ ಬೇಸಿಗೆಂದೇ ಮೀಸಲಾದ ಚಾನೆಲ್, ಅದನ್ನು 10 ಡೆಸಿಬೆಲ್ ಹೆಚ್ಚಿಗೆ ನುಡಿಸುತ್ತಾರೆ. ಅದೇ ಚಿತ್ರವನ್ನು ಎರಡು ಚಾನೆಲಿಗೆ ಇಳಿಸುವಾಗ ಆ ಚಾನೆಲನ್ನು ಕೈಬಿಡುವುದು ವಾಡಿಕೆ. ಥಿಯೇಟರಿನಲ್ಲಿ ಕುರ್ಚಿ ನಡುಗಿಸಿದ ಸದ್ದು ಮನೆಯ ಫೈಲಿನಲ್ಲಿ ಇಲ್ಲದಿರಬಹುದು. ಆಡಿಯೊ ಆಲ್ಬಮ್ಮಿನ ಹಾಡಿಗೂ ಆ ಚಾನೆಲಿಗೂ ಸಂಬಂಧವೇ ಇಲ್ಲ.

ಸ್ಪೆಕ್ಟ್ರಮ್ ತೆಗೆಯುವುದು

1. ಬೇಸ್ ನಡೆಯುತ್ತಿರುವ 10ರಿಂದ 15 ಸೆಕೆಂಡ್ ಭಾಗ ಆರಿಸಿ. ಇಡೀ ಹಾಡು ಆರಿಸಿದರೆ ಸರಾಸರಿಯಲ್ಲಿ ಆಳ ಕರಗಿಹೋಗುತ್ತದೆ; ಪಲ್ಲವಿಯಲ್ಲಿ ನಾಲ್ಕೇ ಸಲ ಬಂದ 35 ಹರ್ಟ್ಸ್‌ನ ಹೊಡೆತ ಐದು ನಿಮಿಷದ ಲೆಕ್ಕದಲ್ಲಿ ಕಾಣುವುದೇ ಇಲ್ಲ.

2. ಅನಲೈಸ್ ಮೆನುವಿನಲ್ಲಿ ‘ಪ್ಲಾಟ್ ಸ್ಪೆಕ್ಟ್ರಮ್’ ತೆರೆಯಿರಿ; ಯಾವ ಆವರ್ತನದಲ್ಲಿ ಎಷ್ಟು ಸದ್ದಿದೆ ಎಂದು ತೋರಿಸುವ ಚಿತ್ರ ಇದು. ಫಂಕ್ಷನ್ ‘ಹ್ಯಾನ್’, ಅಕ್ಷ ‘ಲಾಗ್ ಫ್ರೀಕ್ವೆನ್ಸಿ’.

3. ಸೈಜ್ 32768 ಅಥವಾ 65536 ಮಾಡಿ. ಎಲ್ಲರೂ ಎಡವುವುದು ಇಲ್ಲೇ. ಸೈಜ್ 2048 ಇದ್ದರೆ, 44,100 ಸ್ಯಾಂಪಲಿನ ಫೈಲಿನಲ್ಲಿ ಒಂದೊಂದು ಮೆಟ್ಟಿಲು 21.5 ಹರ್ಟ್ಸ್ ಅಗಲ. 20ರಿಂದ 40ರವರೆಗಿನ ಇಡೀ ಪ್ರಪಂಚ ಒಂದೇ ಮೆಟ್ಟಿಲಲ್ಲಿ ಕೂತುಬಿಡುತ್ತದೆ. ಚಿತ್ರ ನುಣ್ಣಗೆ ಕಾಣುತ್ತದೆ, ಅರ್ಥ ಏನೂ ಇರುವುದಿಲ್ಲ. 65536ರಲ್ಲಿ ಮೆಟ್ಟಿಲು 0.67 ಹರ್ಟ್ಸ್. ಅದಕ್ಕೆ ತೆರುವ ಬೆಲೆ ಸಮಯ: ಒಂದು ಸಲಕ್ಕೆ ಅಳೆಯುವ ತುಣುಕು (ವಿಂಡೋ) 1.5 ಸೆಕೆಂಡ್ ಉದ್ದವಾಗುತ್ತದೆ, ಯಾವ ಹೊಡೆತ ಯಾವಾಗ ಬಂತು ಅನ್ನುವುದು ಮಸುಕಾಗುತ್ತದೆ. ಅದಕ್ಕೆ ಮುಂದೆ ಬರುವ, ಸಮಯದ ಜೊತೆ ಬದಲಾವಣೆ ತೋರಿಸುವ ಸ್ಪೆಕ್ಟ್ರೋಗ್ರಾಮ್ ಇದೆ.

4. ಗುಡ್ಡಗಳ ಮೇಲೆ ಮೌಸ್ ಇಟ್ಟು ಹರ್ಟ್ಸ್ ಓದಿ, ಮೇಲೆ ಹೇಳಿದ ವಾದ್ಯಗಳ ಜೊತೆ ಹೊಂದಿಸಿ.

ಚಿತ್ರ ನೋಡಿ ‘ಅಬ್ಬಾ, ಎಡಗಡೆ ಎಷ್ಟೆತ್ತರ!’ ಅನ್ನಬೇಡಿ. ಬಹುಪಾಲು ಸಂಗೀತದ ಶಕ್ತಿ ಕೆಳಗಿನಿಂದ ಮೇಲಕ್ಕೆ ಹೋದಂತೆ ತಾನಾಗಿ ಇಳಿಯುತ್ತದೆ. ಪ್ರತಿ ಸ್ಥಾಯಿಗೂ ಸಮ ಶಕ್ತಿಯಿರುವ ಪಿಂಕ್ ನಾಯ್ಸ್ ಕೂಡ ಈ ಚಿತ್ರದಲ್ಲಿ ಸ್ಥಾಯಿಗೆ 3 ಡೆಸಿಬೆಲ್‌ನಂತೆ ಇಳಿಜಾರಾಗಿಯೇ ಕಾಣುತ್ತದೆ. 60ರ ಹತ್ತಿರ ಗುಡ್ಡವಿರುವುದು ಸಾಮಾನ್ಯ ಸಂಗತಿ. ನೋಡಬೇಕಾದದ್ದು ಆ ಗುಡ್ಡದ ಎಡಗಡೆ, 40ರ ಕೆಳಗೆ, ಇಳಿಜಾರು ಎಷ್ಟು ಕಡಿದಾಗಿದೆ ಅನ್ನುವುದನ್ನು. ಗೋಡೆಯಂತೆ ನೇರ ಬಿದ್ದಿದ್ದರೆ ಮಾಸ್ಟರಿಂಗ್ (ಬಿಡುಗಡೆಗೆ ಮುಂಚಿನ ಕೊನೆಯ ಹದ) ಮಾಡಿದವರು ಫಿಲ್ಟರ್ ಹಾಕಿ ಕತ್ತರಿಸಿದ್ದಾರೆ ಎಂದು ಓದಬಹುದು.

ಇನ್ನೊಂದು ಬಲೆ: ಸ್ಟೀರಿಯೊ ಟ್ರ್ಯಾಕಿನ ಎರಡೂ ಚಾನೆಲುಗಳನ್ನು ಈ ಚಿತ್ರ ಕೂಡಿಸಿ ತೋರಿಸುತ್ತದೆ. ಎಡ ಬಲದ ಬೇಸ್ ಒಂದಕ್ಕೊಂದು ಉಲ್ಟಾ ಇದ್ದರೆ ಕೂಡಿದಾಗ ಸೊನ್ನೆ. ಅನುಮಾನ ಬಂದರೆ ಟ್ರ್ಯಾಕ್ ಮೆನುವಿನಲ್ಲಿ ‘ಸ್ಪ್ಲಿಟ್ ಸ್ಟೀರಿಯೊ ಟು ಮೋನೊ’ ಮಾಡಿ ಒಂದೊಂದನ್ನೇ ನೋಡಿ.

ಸ್ಪೆಕ್ಟ್ರೋಗ್ರಾಮ್: ಅಸಲಿ ಯಾವುದು, ನಕಲಿ ಯಾವುದು

ಟ್ರ್ಯಾಕಿನ ಹೆಸರಿನ ಮೆನುವಿನಿಂದ ‘ಸ್ಪೆಕ್ಟ್ರೋಗ್ರಾಮ್’ ಆರಿಸಿ. ಸೆಟ್ಟಿಂಗ್ಸ್‌ನಲ್ಲಿ ಸ್ಕೇಲ್ ಲಾಗರಿದಮಿಕ್, ಕನಿಷ್ಠ 10, ಗರಿಷ್ಠ 300 ಹರ್ಟ್ಸ್, ವಿಂಡೋ ಸೈಜ್ 16384 ಕೊಡಿ. ಈಗ ಹಾಡಿನ ತಳ ಕಣ್ಣಮುಂದೆ ಹರಿಯುತ್ತದೆ. ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕಾದ್ದು ಈ ಚಿತ್ರಕ್ಕೆ.

ಮೆಟ್ಟಿಲು ಮೆಟ್ಟಿಲಾಗಿ ಬದಲಾಗುವ ಅಡ್ಡಗೆರೆಗಳು ಬೇಸ್ ಗಿಟಾರೋ ಸಿಂತ್ ಬೇಸೋ ನುಡಿಸಿದ ಸ್ವರಗಳು. ಮೇಲಿನಿಂದ ಕೆಳಕ್ಕೆ ಜಾರಿ ನಿಲ್ಲುವ ಬಾಲವಿರುವ ಗುರುತು ಎಲೆಕ್ಟ್ರಾನಿಕ್ ಡ್ರಮ್. ಈ ಎರಡೂ 40ರ ಕೆಳಗೆ ಇಳಿದು, ತಾಳಕ್ಕೆ ಸರಿಯಾಗಿ ಬಂದು ಹೋಗುತ್ತಿದ್ದರೆ ಅದು ಸಂಗೀತದ ಆಳ.

10 ಹರ್ಟ್ಸ್‌ವರೆಗೂ ಇಳಿದ ಲಂಬವಾದ ಮಸುಕು ಕಂಬ ಕಂಡರೆ ಅದು ಹಠಾತ್ ಹೊಡೆತ ಅಥವಾ ಮೈಕಿನ ಬಡಿತ. ಹಾಡುವವರು ಮೈಕಿಗೆ ತುಟಿ ತಾಗಿಸಿ ಪ, ಫ, ಭ ಉಚ್ಚರಿಸುವ ಕಡೆಯಲ್ಲೆಲ್ಲ ಕಂಬ ಎದ್ದಿದ್ದರೆ ಇನ್ನೇನೂ ಹುಡುಕುವುದು ಬೇಡ. ಸಾಹಿತ್ಯ ಮುಂದಿಟ್ಟುಕೊಂಡು ತಾಳೆ ನೋಡಿದರೆ ಎರಡೇ ನಿಮಿಷದಲ್ಲಿ ಗೊತ್ತಾಗುತ್ತದೆ.

ಹಾಡಿನ ಆರಂಭದಿಂದ ಕೊನೆಯವರೆಗೆ ಅಲುಗದ, ತೆಳ್ಳಗಿನ ಗೆರೆ 50 ಹರ್ಟ್ಸ್‌ನಲ್ಲಿ, ಜೊತೆಗೆ 100, 150ರಲ್ಲೂ ಇದ್ದರೆ ಅದು ಕರೆಂಟಿನ ಹಮ್. ನಮ್ಮ ಮನೆಗೆ ಬರುವ ವಿದ್ಯುತ್ತಿನ ಕಂಪನವೇ ಅದು. ಅಮೆರಿಕದಲ್ಲಿ ಮುದ್ರಿಸಿದ್ದಾದರೆ 60ರಲ್ಲಿ ಕಾಣುತ್ತದೆ. ಬೇಸ್ ಗಿಟಾರಿನ ‘ಜಿ’ ಸ್ವರ 49.0 ಹರ್ಟ್ಸ್ ಆದ್ದರಿಂದ ಸರಾಸರಿ ಸ್ಪೆಕ್ಟ್ರಮ್ಮಿನಲ್ಲಿ ಎರಡನ್ನೂ ಬೇರ್ಪಡಿಸುವುದು ಕಷ್ಟ, ಸ್ಪೆಕ್ಟ್ರೋಗ್ರಾಮಿನಲ್ಲಿ ಸುಲಭ: ಸ್ವರ ಬಂದು ಹೋಗುತ್ತದೆ, ಹಮ್ ಹೋಗುವುದಿಲ್ಲ. ಹಾಡು ಶುರುವಾಗುವ ಮುಂಚಿನ ಅರೆ ಸೆಕೆಂಡಿನ ಮೌನದಲ್ಲೂ ಗೆರೆ ಇದೆಯೇ ಅನ್ನುವುದು ಖಚಿತ ಪರೀಕ್ಷೆ.

20ರ ಕೆಳಗೆ ಮೋಡ ಕವಿದಂತೆ ಸದಾ ಇದ್ದರೆ, ಅದು ಗ್ರಾಮಫೋನ್ ತಟ್ಟೆಯಿಂದ ಇಳಿಸಿದ ಫೈಲ್ ಆಗಿರಬಹುದು. ಸೊಟ್ಟಗಾದ ತಟ್ಟೆ ಮುಳ್ಳನ್ನು ಮೇಲೆ ಕೆಳಗೆ ಕುಣಿಸುವುದು, ಟರ್ನ್‌ಟೇಬಲಿನ ಮೋಟಾರು ಗೊರಗುಟ್ಟುವುದು ಎಲ್ಲ ಇಲ್ಲಿಗೇ ಬಂದು ಸೇರುತ್ತವೆ. ಮುಳ್ಳಿನ ತೋಳು ತಾನೇ 8ರಿಂದ 12 ಹರ್ಟ್ಸ್ ಆಸುಪಾಸು ಅನುರಣಿಸಿ ಅದನ್ನು ಹೆಚ್ಚಿಸುತ್ತದೆ. ಇಂಥ ಫೈಲ್ ಹಾಕಿದಾಗ ವೂಫರಿನ ಕೋನ್ ಒಳಗೂ ಹೊರಗೂ ಉಸಿರಾಡುತ್ತದೆ, ಸದ್ದು ಮಾತ್ರ ಇಲ್ಲ. ಅದನ್ನು ನೋಡಿ ‘ಎಂಥ ಬೇಸ್!’ ಎಂದವರಿದ್ದಾರೆ.

ಸಂಖ್ಯೆಗೆ ಇಳಿಸುವುದು

1. ಆರಿಸಿದ ಭಾಗವನ್ನು ಕಂಟ್ರೋಲ್-ಡಿ ಒತ್ತಿ ಮೂರು ಪ್ರತಿ ಮಾಡಿ.

2. ಮೊದಲ ಪ್ರತಿಗೆ ‘ಹೈ-ಪಾಸ್ ಫಿಲ್ಟರ್’ (ಕೆಳಗಿನದನ್ನು ಕತ್ತರಿಸುವುದು) 20 ಹರ್ಟ್ಸ್, ‘ಲೋ-ಪಾಸ್ ಫಿಲ್ಟರ್’ (ಮೇಲಿನದನ್ನು ಕತ್ತರಿಸುವುದು) 40 ಹರ್ಟ್ಸ್ ಹಾಕಿ, ರೋಲ್-ಆಫ್ 48 ಡೆಸಿಬೆಲ್. ಎರಡನ್ನೂ ಎರಡೆರಡು ಸಲ ಹಾಕಬೇಕು. ಒಂದೇ ಸಲ ಹಾಕಿದರೆ 50 ಹರ್ಟ್ಸ್‌ನ ಡ್ರಮ್ 16 ಡೆಸಿಬೆಲ್ ಮಾತ್ರ ತಗ್ಗುತ್ತದೆ. ಅದು ಈ ಪಟ್ಟಿಯೊಳಕ್ಕೆ ಸೋರಿ, ಇಲ್ಲದ ಆಳವನ್ನು ಇದೆ ಎಂದು ತೋರಿಸುತ್ತದೆ. ಎರಡು ಸಲ ಹಾಕಿದಾಗ ಸೋರಿಕೆ 31 ಡೆಸಿಬೆಲ್ ಕೆಳಗೆ ಹೋಗುತ್ತದೆ.

3. ಎರಡನೆಯ ಪ್ರತಿಗೆ ಹೀಗೆಯೇ 40 ಮತ್ತು 80, ಮೂರನೆಯದಕ್ಕೆ 80 ಮತ್ತು 160.

4. ಒಂದೊಂದನ್ನೂ ಆರಿಸಿ ಅನಲೈಸ್ ಮೆನುವಿನ ‘ಮೆಷರ್ ಆರ್‌ಎಂಎಸ್’ ಒತ್ತಿ ಬಂದ ಅಂಕಿ (ಆ ಭಾಗದ ಸರಾಸರಿ ಮಟ್ಟ) ಬರೆದುಕೊಳ್ಳಿ.

ಮೊದಲ ಪಟ್ಟಿಯನ್ನು ಎರಡನೆಯದರ ಜೊತೆ ಹೋಲಿಸಿ. ಕೆಲಸಕ್ಕೆ ಬರುವ ಅಂದಾಜು ಇಷ್ಟು: ಅಂತರ 6 ಡೆಸಿಬೆಲ್ ಒಳಗಿದ್ದರೆ ಆ ಹಾಡು ನಿಜಕ್ಕೂ ಆಳದ್ದು, ಸಣ್ಣ ಸ್ಪೀಕರಿನಲ್ಲಿ ಕೇಳಿದವರು ಅದರ ಒಂದು ಭಾಗವನ್ನು ಕೇಳಿಯೇ ಇಲ್ಲ. 6ರಿಂದ 15 ಇದ್ದರೆ ಆಳ ಇದೆ, ಒಳ್ಳೆಯ ಸಬ್‌ವೂಫರ್ ಇದ್ದರೆ ವ್ಯತ್ಯಾಸ ಗೊತ್ತಾಗುತ್ತದೆ. 15ರಿಂದ 25 ಆದರೆ ನೆರಳಷ್ಟೇ. 25 ದಾಟಿದರೆ ಇಲ್ಲ ಅಂತಲೇ ಲೆಕ್ಕ. ಕಿವಿಯ ಮಂದತನವೂ ಸೇರಿದ ಮೇಲೆ ಉಳಿಯುವುದೇನೂ ಇಲ್ಲ. ಎರಡನೆಯ ಪಟ್ಟಿಯೇ ಮೂರನೆಯದಕ್ಕಿಂತ 10ರಷ್ಟು ಕೆಳಗಿದ್ದರೆ ಮೊದಲನೆಯದನ್ನು ನೋಡುವ ಅಗತ್ಯವೇ ಬೀಳುವುದಿಲ್ಲ. ಸ್ಪೆಕ್ಟ್ರೋಗ್ರಾಮಿನಲ್ಲಿ ಹಮ್ ಅಥವಾ ತಟ್ಟೆಯ ಗೊರಗು ಕಂಡಿದ್ದರೆ ಈ ಅಂಕಿಗಳನ್ನು ನಂಬಬೇಡಿ. ಆರ್‌ಎಂಎಸ್‌ಗೆ ಸಂಗೀತ ಯಾವುದು, ಕಸ ಯಾವುದು ಗೊತ್ತಿಲ್ಲ.

ಕಣ್ಣು ಕಟ್ಟಿ ಕೇಳುವುದು

ಅಳತೆಯಲ್ಲಿ ಕಂಡದ್ದು ಕೇಳಿಸುತ್ತದೆಯೇ? ಹಾಡಿನ ಎರಡು ಪ್ರತಿ ಮಾಡಿ, ಎರಡನ್ನೂ ಮೊದಲು 6 ಡೆಸಿಬೆಲ್ ತಗ್ಗಿಸಿ. ಒಂದಕ್ಕೆ ಮಾತ್ರ 40 ಹರ್ಟ್ಸ್‌ನ ಹೈ-ಪಾಸ್ ಹಾಕಿ. ತಗ್ಗಿಸುವುದು ಯಾಕೆಂದರೆ, ಫಿಲ್ಟರ್ ಅಲೆಗಳ ಹೊಂದಾಣಿಕೆಯನ್ನು ಬದಲಿಸುವುದರಿಂದ ಕತ್ತರಿಸಿದ ಮೇಲೂ ತುದಿಗಳು ಮೊದಲಿಗಿಂತ ಎತ್ತರಕ್ಕೆ ಹೋಗಬಹುದು. ಇಂದಿನ ಹಾಡುಗಳು ಮೊದಲೇ ಮೇಲಿನ ಅಂಚಿಗೆ ಒತ್ತಿಕೊಂಡಿರುತ್ತವೆ. ಜಾಗ ಬಿಡದಿದ್ದರೆ ತುದಿಗಳು ಕತ್ತರಿಸಿಹೋಗಿ (ಕ್ಲಿಪ್ ಆಗಿ), ನೀವು ಕೇಳುವ ವ್ಯತ್ಯಾಸ ಬೇಸಿನದ್ದಲ್ಲ, ಒಡಕಿನದ್ದಾಗುತ್ತದೆ. ಫಿಲ್ಟರ್ ಹಾಕಿದ ಮೇಲೆ ‘ನಾರ್ಮಲೈಸ್’ ಒತ್ತಬೇಡಿ, ಮಟ್ಟ ತಪ್ಪುತ್ತದೆ.

ಬಿಗಿಯಾದ ಇಯರ್‌ಫೋನ್ ಹಾಕಿಕೊಂಡು, ಮನೆಯವರೊಬ್ಬರಿಗೆ ನಾಣ್ಯ ಚಿಮ್ಮಿ ಎರಡರಲ್ಲೊಂದನ್ನು ಹಾಕಲು ಹೇಳಿ. ನೀವು ಪರದೆ ನೋಡಬಾರದು. 10 ಸಲದಲ್ಲಿ 9 ಸಲ ಸರಿ ಹೇಳಿದರೆ ವ್ಯತ್ಯಾಸ ಕೇಳುತ್ತಿದೆ ಅಂತ ಒಪ್ಪಬಹುದು. ಸುಮ್ಮನೆ ಊಹಿಸಿ ಅಷ್ಟು ಸರಿಯಾಗುವ ಸಂಭವ ನೂರಕ್ಕೆ ಒಂದು. 6 ಅಥವಾ 7 ಸರಿಯಾದರೆ ಏನೂ ಸಾಬೀತಾಗಲಿಲ್ಲ. ಒಬ್ಬರೇ ಇದ್ದರೆ ಫೂಬಾರ್2000 ಎಂಬ ಹಾಡು ನುಡಿಸುವ ತಂತ್ರಾಂಶಕ್ಕೆ ಸೇರಿಸಿಕೊಳ್ಳುವ ಎಬಿಎಕ್ಸ್ ಭಾಗ ಇದೇ ಕೆಲಸ ಮಾಡುತ್ತದೆ.

ಇಯರ್‌ಫೋನಿನ ರಬ್ಬರ್ ತುದಿ ಕಿವಿಗೆ ಕೂರದಿದ್ದರೆ ಈ ಪರೀಕ್ಷೆ ದಂಡ. ಒಂದು ಕೂದಲೆಳೆಯಷ್ಟು ಸಂದು ಇದ್ದರೂ ಆಳ ಸೋರಿಹೋಗುತ್ತದೆ. ಹಾಡು ನಡೆಯುತ್ತಿರುವಾಗ ಬೆರಳಿನಿಂದ ಮೆಲ್ಲಗೆ ಒಳಕ್ಕೆ ಒತ್ತಿ ನೋಡಿ. ಬೇಸ್ ಏರಿದರೆ ನಿಮ್ಮ ತುದಿ ಚಿಕ್ಕದು, ಒಂದು ಅಳತೆ ದೊಡ್ಡದು ಹಾಕಿ. ತುದಿಯೇ ಇಲ್ಲದ, ಕಿವಿಯ ಬಾಯಲ್ಲಿ ತೂಗುವ ಬಗೆಯವು ಇದಕ್ಕೆ ಬೇಡ.

ಸ್ಪೀಕರ್ ಎಲ್ಲಿಗೆ ನಿಲ್ಲುತ್ತದೆ

‘ಟೋನ್’ ಬಳಸಿ 80, 63, 50, 40, 31.5, 25 ಹರ್ಟ್ಸ್‌ನ ಸ್ವರಗಳನ್ನು ಒಂದೊಂದೂ 5 ಸೆಕೆಂಡ್, ಆಂಪ್ಲಿಟ್ಯೂಡ್ 0.1ರಲ್ಲಿ ಮಾಡಿ. ಸಣ್ಣ ವಾಲ್ಯೂಮಿನಿಂದ ಶುರು ಮಾಡಿ. ಆವರ್ತನ ಅರ್ಧವಾದಾಗ ಅಷ್ಟೇ ಸದ್ದಿಗೆ ಕೋನ್ ನಾಲ್ಕು ಪಟ್ಟು ದೂರ ಚಲಿಸಬೇಕು; ಆತುರದಲ್ಲಿ ವಾಲ್ಯೂಮ್ ಏರಿಸಿದರೆ 6 ಇಂಚಿನ ವೂಫರು ‘ಟಕ್’ ಎಂದು ತಳ ಬಡಿದುಕೊಂಡು ಸುರುಳಿ ಹಾಳಾಗಬಹುದು. ಹಿಂದೆಯೋ ಮುಂದೆಯೋ ತೂತಿರುವ ಪೆಟ್ಟಿಗೆಯಲ್ಲಿ ಅಪಾಯ ಹೆಚ್ಚು: ಆ ತೂತಿನ ಶ್ರುತಿಗಿಂತ ಕೆಳಗೆ ಕೋನಿಗೆ ಗಾಳಿಯ ತಡೆ ಇರುವುದಿಲ್ಲ, ಸದ್ದೂ ಸ್ಥಾಯಿಗೆ 24 ಡೆಸಿಬೆಲ್‌ನಂತೆ ಬೀಳುತ್ತದೆ. ಮುಚ್ಚಿದ ಪೆಟ್ಟಿಗೆಯಲ್ಲಿ 12.

ಕೇಳುವಾಗ ಸ್ವರ ಇಳಿಯುತ್ತಿದೆಯೇ ಗಮನಿಸಿ. 31.5 ಹಾಕಿದಾಗ 63 ಹಾಕಿದಷ್ಟೇ ಎತ್ತರದ ಸ್ವರ ಕೇಳಿದರೆ ಸ್ಪೀಕರು 31.5 ನುಡಿಸುತ್ತಿಲ್ಲ, ಏದುಸಿರು ಬಿಟ್ಟು ಅದರ ದುಪ್ಪಟ್ಟನ್ನು ನುಡಿಸುತ್ತಿದೆ. ಅಷ್ಟರಲ್ಲಿ ಪಕ್ಕದ ಬೀರುವೋ ಷೋಕೇಸಿನ ಗಾಜೋ ಗಡಗಡ ಅಂದರೆ ಅದನ್ನೂ ಬೇಸಿನ ಲೆಕ್ಕಕ್ಕೆ ಸೇರಿಸಿಬಿಡುವುದು ಮನುಷ್ಯ ಸಹಜ. ಕೈಯಿಟ್ಟು ಹಿಡಿದು ಮತ್ತೆ ಕೇಳಿ.

ಫೋನಿನ ಸೌಂಡ್ ಮೀಟರ್ ಆ್ಯಪಿನಿಂದ ಅಳೆಯುವವರಿಗೆ: ಅದು ‘ಎ’ ತೂಕದಲ್ಲಿದ್ದರೆ (ಕಿವಿಯ ಮಂದತನಕ್ಕೆ ಹೊಂದಿಸಿ ಬೇಸನ್ನು ಕಡಿಮೆ ಎಣಿಸುವ ಕ್ರಮ) 31.5 ಹರ್ಟ್ಸ್‌ನಲ್ಲಿ 39 ಡೆಸಿಬೆಲ್ ಕಡಿಮೆ ತೋರಿಸುತ್ತದೆ. ‘ಸಿ’ಗೆ ಬದಲಿಸಿ, ಆಗ 3 ಮಾತ್ರ ಕಡಿಮೆ. ಸರ್ಕಾರದ ಶಬ್ದ ಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಎಂದು ಹೇಳುವುದೂ ‘ಎ’ ತೂಕದಲ್ಲೇ. ಮೀಟರಿನ ಪ್ರಕಾರ ಎಲ್ಲ ಸರಿಯಿದ್ದರೂ ಗೋಡೆಯಾಚೆಯವರು ನಿದ್ದೆಗೆಟ್ಟು ಬಾಗಿಲು ಬಡಿಯುವುದು ಇದರಿಂದಲೇ, ಅವರ ದೂರು ಸುಳ್ಳಲ್ಲ.

ಕೋಣೆ

30×40 ಸೈಟಿನ ಮನೆಯ ಕೋಣೆ ಸಾಮಾನ್ಯವಾಗಿ 10×12 ಅಡಿ, ಎತ್ತರ 10 ಅಡಿ. ಎದುರುಬದುರು ಗೋಡೆಗಳ ನಡುವೆ ಅಲೆ ನಿಂತು ಅನುರಣಿಸುವ ಮೊದಲ ಆವರ್ತನ ತಿಳಿಯಲು 565ನ್ನು ಅಡಿಯಿಂದ ಭಾಗಿಸಿ. 12 ಅಡಿಗೆ 47 ಹರ್ಟ್ಸ್, 10 ಅಡಿಗೆ 56.5. ಅಗಲ ಮತ್ತು ಎತ್ತರ ಎರಡೂ 10 ಆದ್ದರಿಂದ 56ರ ಮೇಲೆ ಎರಡು ಅನುರಣನ ಒಂದರ ಮೇಲೊಂದು ಬೀಳುತ್ತವೆ. 10×10ರ ಕೋಣೆಯಾದರೆ ಮೂರೂ ಅಲ್ಲೇ. ಎಲ್ಲ ಹಾಡಿಗೂ ಒಂದೇ ‘ಗುಂಯ್’ ಬರುವುದಕ್ಕೆ ಇದೇ ಕಾರಣ. ಇಟ್ಟಿಗೆ ಗೋಡೆ, ಕಾಂಕ್ರೀಟ್ ತಾರಸಿ, ಗ್ರಾನೈಟ್ ನೆಲ ಯಾವುದೂ ಬಾಗದು, ಬೇಸನ್ನು ಹೊರಗೂ ಬಿಡದು. ಮರದ ಚೌಕಟ್ಟಿಗೆ ತೆಳು ಹಲಗೆ ಹೊಡೆದ ಅಮೆರಿಕದ ಮನೆಗಳಿಗೆ ಬರೆದ ಸಲಹೆಗಳು ಇಲ್ಲಿ ಹಾಗೆಯೇ ಹೊಂದುವುದಿಲ್ಲ.

47 ಹರ್ಟ್ಸ್ ಸ್ವರವನ್ನು ಸಣ್ಣಗೆ ಹಾಕಿ 12 ಅಡಿಯ ಉದ್ದಕ್ಕೂ ನಡೆಯಿರಿ. ಗೋಡೆಯ ಬಳಿ ಗಟ್ಟಿ, ನಟ್ಟನಡುವೆ ಬಹುತೇಕ ಮೌನ. ಕೋಣೆಯ ಮಧ್ಯದಲ್ಲಿ ಕುರ್ಚಿ ಹಾಕಿ ಕೂತು ‘ಈ ಹಾಡಿನಲ್ಲಿ ಬೇಸ್ ಇಲ್ಲ’ ಅನ್ನುವವರು ಕೂತಿರುವುದು ಆ ಗುಂಡಿಯಲ್ಲಿ. ಹಿಂದಿನ ಗೋಡೆಯಿಂದ ನಾಲ್ಕೂವರೆ ಅಡಿ ಮುಂದಕ್ಕೆ ಕುರ್ಚಿ ಹಾಕಿದರೆ ಎರಡೂ ಅತಿರೇಕ ತಪ್ಪುತ್ತವೆ. ಸಬ್‌ವೂಫರಿಗೆ ಜಾಗ ಹುಡುಕಲು ಉಲ್ಟಾ ಉಪಾಯ: ಅದನ್ನೇ ಕುರ್ಚಿಯ ಮೇಲಿಟ್ಟು, ಬೇಸ್ ಸ್ವರಗಳು ಮೆಟ್ಟಿಲಾಗಿ ಇಳಿಯುವ ಹಾಡು ಹಾಕಿ, ಗೋಡೆಯಂಚಿನಲ್ಲಿ ಕಿವಿ ತಗ್ಗಿಸಿಕೊಂಡು ಓಡಾಡಿ. ಎಲ್ಲ ಸ್ವರಗಳೂ ಸಮನಾಗಿ ಕೇಳುವ ಕಡೆ ಪೆಟ್ಟಿಗೆ ಇಡಿ. ಹೆಚ್ಚು ಗಟ್ಟಿಯಾಗಿ ಕೇಳುವ ಮೂಲೆ ಆಸೆ ಹುಟ್ಟಿಸುತ್ತದೆ, ಬೇಡ.

ಕಾರಿನಲ್ಲಿ ಅದೇ ಹಾಡು ಎರಡು ಪಟ್ಟು ಆಳವಾಗಿ ಕೇಳುವುದಕ್ಕೂ ವಿವರಣೆ ಇಲ್ಲೇ ಇದೆ. ಅತಿ ಕೆಳಗಿನ ಅನುರಣನಕ್ಕಿಂತಲೂ ಕೆಳಗೆ, ಮುಚ್ಚಿದ ಜಾಗದ ಗಾಳಿ ಇಡಿಯಾಗಿ ಒತ್ತಿಸಿಕೊಂಡು ಬೇಸ್ ತಾನಾಗಿ ಏರುತ್ತದೆ. ಕಾರು ಚಿಕ್ಕದು, ಆ ಏರಿಕೆ 60–70 ಹರ್ಟ್ಸ್‌ನಿಂದಲೇ ಶುರು. ಹಾಗಾಗಿ ಕಾರಿನಲ್ಲಿ ಕೇಳಿ ಫೈಲಿನ ಬಗ್ಗೆ ತೀರ್ಪು ಕೊಡಬೇಡಿ.

ಯಾವ ಮುದ್ರಣದಿಂದ ಎಷ್ಟು ನಿರೀಕ್ಷಿಸಬಹುದು

1925ರ ಸುಮಾರಿಗೆ ವಿದ್ಯುತ್ ಮೈಕು ಬರುವ ಮುಂಚೆ ಕಹಳೆಯೊಳಗೆ ಹಾಡಿ ಮುದ್ರಿಸಿದ ತಟ್ಟೆಗಳಲ್ಲಿ 100ರ ಕೆಳಗೆ ಸಂಗೀತ ಹುಡುಕುವುದು ವ್ಯರ್ಥ. ಎಲ್‌ಪಿ ತಟ್ಟೆಗೆ ಬೇಸ್ ಕೊರೆಯುವಾಗ ತಗ್ಗಿಸಿ, ನುಡಿಸುವಾಗ ಅಷ್ಟೇ ಏರಿಸುವ ಆರ್‌ಐಎಎ ಪದ್ಧತಿ ಇದೆ. 20 ಹರ್ಟ್ಸ್ ಬಳಿ ಆ ಏರಿಕೆ 20 ಡೆಸಿಬೆಲ್ ಹತ್ತಿರ, ಗೊರಗೂ ಅದರ ಜೊತೆಗೇ ಏರುತ್ತದೆ. ಇಂಥ ಫೈಲುಗಳಿಗೆ 25 ಹರ್ಟ್ಸ್‌ನ ಹೈ-ಪಾಸ್ ಹಾಕಿಟ್ಟರೆ ಸಂಗೀತಕ್ಕೆ ನಷ್ಟವಿಲ್ಲ, ವೂಫರಿಗೆ ಲಾಭ. ಹಳೆಯ ಚಿತ್ರಗೀತೆಗಳಲ್ಲಿ ಮೂರನೆಯ ಪಟ್ಟಿಯೇ ರಾಜ. ಇಂಥದಕ್ಕೆ ಸಬ್‌ವೂಫರಿನ ಕ್ರಾಸ್‌ಓವರನ್ನು (ಅದು ನುಡಿಸುವ ಮೇಲಿನ ಗಡಿ) 80ರಿಂದ 120ಕ್ಕೆ ಏರಿಸಿ ‘ಈಗ ಬಂತು’ ಅನ್ನುವವರು ಗಂಡು ದನಿಯ ತಳವನ್ನು ಮೂಲೆಯ ಪೆಟ್ಟಿಗೆಯಿಂದ ಹೊರಡಿಸುತ್ತಿರುತ್ತಾರೆ. ಗಾಯಕರ ಎದೆ ಒಂದು ಕಡೆ, ಬಾಯಿ ಒಂದು ಕಡೆ.

ನಿಮ್ಮ ಸಂಗ್ರಹದಿಂದ ಹೆಚ್ಚು ಕೇಳುವ 20 ಹಾಡು ಆರಿಸಿ ಮೂರು ಪಟ್ಟಿಗಳ ಅಂಕಿ ಬರೆದುಕೊಳ್ಳಿ. ಅವುಗಳಲ್ಲಿ 15 ಹಾಡಿನಲ್ಲಿ ಮೊದಲ ಪಟ್ಟಿ ಎರಡನೆಯದಕ್ಕಿಂತ 25 ಡೆಸಿಬೆಲ್‌ಗೂ ಹೆಚ್ಚು ಕೆಳಗಿದ್ದರೆ, 12 ಇಂಚಿನ ಸಬ್‌ವೂಫರಿಗೆ ಇಟ್ಟಿದ್ದ ಹಣದಲ್ಲಿ 45 ಹರ್ಟ್ಸ್‌ವರೆಗೆ ಸರಿಯಾಗಿ ಇಳಿಯುವ ಒಂದು ಜೊತೆ ಸ್ಪೀಕರ್ ಕೊಳ್ಳಿ, ಉಳಿದದ್ದರಲ್ಲಿ ಅವಕ್ಕೆ ಅಲುಗಾಡದ ಸ್ಟ್ಯಾಂಡ್ ಮಾಡಿಸಿ.